ನಲವತ್ತು ಗುಂಟೆಗೆ ಒಂದು ಎಕರೆ

ನಾನು ಮಾಡಿದ ಒಂದು ತಪ್ಪು ಅವರ ಹೆಸರಿಗೆ ಅಂಟಿಕೊಂಡು ಉಳಿದುಬಿಟ್ಟಿದೆ. ಅದನ್ನು ಬಿಡಿಸೋಣ ಎಂದು ಇದನ್ನು ಬರೆಯುತ್ತಿದ್ದೇನೆಯೇ ಹೊರತು ಅವರನ್ನು ಹೊಗಳುವುದಕ್ಕಲ್ಲ. ಹೊಗಳಿದರೆ ಅವರಿಗೆ ಆಗುತ್ತಲೂ ಇರಲಿಲ್ಲ. "ಸಾಕು ಸಾಕು, ಮುಂದಿನ ಸಾಲು ಓದಮ್ಮ" ಅನ್ನುತ್ತಿದ್ದರು. ಅವರ ಹೆಸರನ್ನು ಹೇಳುವುದಿಲ್ಲ. ಕಚೇರಿಯಲ್ಲಿ ನಾವೆಲ್ಲ ಸಾರ್ ಅನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ.

ನಾವಿದ್ದದ್ದು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ. ಯಾವುದು ಎನ್ನುವುದೂ ಬೇಡ. ಸುತ್ತಲಿನ ಪಟ್ಟಣಗಳ ಅಂಕಿಗಳೆಲ್ಲ ಬಂದು ಬೀಳುವ ಜಾಗ ಅಂದುಕೊಳ್ಳಿ. ಎಷ್ಟು ಮನೆ, ಎಷ್ಟು ಕೊಳವೆಬಾವಿ, ಎಷ್ಟು ಎಮ್ಮೆ, ಎಷ್ಟು ಜನ. ಸಾರ್ ಅಲ್ಲಿ ಕೋಷ್ಟಕ ತಯಾರಿಸುವ ವಿಭಾಗದ ಹಿರಿಯ ಗುಮಾಸ್ತರು. ಗೌರಿಬಿದನೂರಿನವರು, ಮಂಚೇನಹಳ್ಳಿ ಮೇಲೆ ಬರುವ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದರು. ನಾನು ಶಿಡ್ಲಘಟ್ಟದವಳು, ಹೊರಗುತ್ತಿಗೆಯ ಮೇಲೆ ಬಂದ ಡೇಟಾ ಎಂಟ್ರಿ ಆಪರೇಟರ್. ಅಂದರೆ ಆರು ತಿಂಗಳಿಗೊಮ್ಮೆ ಉಸಿರು ಬಿಗಿ ಹಿಡಿದು ಕೂರುವ ಕೆಲಸ. ಮೇಲಿನವರಿಗೆ ಬೇಸರ ಬಂದರೆ ಏಜೆನ್ಸಿಗೆ ಒಂದು ಫೋನು, "ಬೇರೆಯವರನ್ನ ಕಳಿಸ್ರಪ್ಪ" ಅಂದರೆ ಮುಗಿಯಿತು. ನನ್ನ ಗಂಡ ಆಗ ಕೆಲಸ ಕಳೆದುಕೊಂಡು ಮನೆಯಲ್ಲಿದ್ದರು, ಮಗಳಿಗೆ ಎರಡು ವರ್ಷ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೆಪದ ಹಾಗೆ ಕಾಣಬಾರದು.

ನಮ್ಮ ಮುಖ್ಯ ಕೆಲಸವೆಂದರೆ ಜನಸಾಂದ್ರತೆಯ ಕೋಷ್ಟಕ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಒಂದೊಂದು ಪಟ್ಟಣದ ಒಂದೊಂದು ವಾರ್ಡಿನಲ್ಲಿ ಎಷ್ಟು ಜಾಗಕ್ಕೆ ಎಷ್ಟು ಜನ ಎನ್ನುವ ಲೆಕ್ಕ. ಜನರನ್ನು ಜಾಗದಿಂದ ಭಾಗಿಸಿದರೆ ಆಯಿತು, ಐದನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ಸೇರಿದ ಮೊದಲ ವಾರ ನಾನು ಹಾಗೇ ಅಂದಿದ್ದೆ. ಸಾರ್ ಕನ್ನಡಕ ಹಣೆಗೆ ಏರಿಸಿಕೊಂಡು ನನ್ನನ್ನೇ ನೋಡಿದರು.

"ಭಾಗಿಸೋದು ಸುಲಭಾನೇ ಕಣಮ್ಮ. ಯಾವ ಜನ, ಯಾವ ಜಾಗ ಅನ್ನೋದೇ ಕಷ್ಟ."

ಆಮೇಲೆ ಎದ್ದು ನಿಂತು ಎರಡೂ ಮೊಣಕೈಗಳನ್ನು ಅಗಲಿಸಿ ತೋರಿಸಿದರು. ಒಣಕಲು ಮೈ, ಅರ್ಧ ತೋಳಿನ ಅಂಗಿ, ರೆಕ್ಕೆ ಬಿಚ್ಚಿದ ಕೋಳಿಯ ಹಾಗೆ ಕಂಡರು. "ಸಾಂದ್ರತೆ ಗೀಂದ್ರತೆ ಎಲ್ಲ ಪುಸ್ತಕದ ಮಾತು. ಮನೆಯಿಂದ ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಮೊಣಕೈ ಎಷ್ಟು ಸಲ ಮಡಚಬೇಕು? ಅದು ಒತ್ತು. ಅದನ್ನ ಅಂಕಿ ಮಾಡಿ ಬರೀಬೇಕು ನಾವು." ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವರಿಗೆ ಇದು ನೂರನೇ ಸಲವಂತೆ.

ಮೊಣಕೈಯ ಪರೀಕ್ಷೆಯನ್ನು ಅವರು ನಿಜವಾಗಿಯೂ ಮಾಡುತ್ತಿದ್ದರು. ಭಾನುವಾರ ಬಂದರೆ ಯಾವುದೋ ಊರಿಗೆ ಹೋಗಿ ನಡೆಯುವುದು. ಚಿಂತಾಮಣಿಯ ಪೇಟೆ ಬೀದಿಯಲ್ಲಿ ಇಂಥ ಅಂಗಡಿಯಿಂದ ಇಂಥ ಅಂಗಡಿಯವರೆಗೆ ಹದಿನಾಲ್ಕು ಸಲ ಮೈ ಅಡ್ಡ ಮಾಡಿದೆ ಎಂದು ಸೋಮವಾರ ಬಂದು ಹೇಳುವುದು. ಇಂಥದ್ದಕ್ಕೆ ಯಾರೂ ಭತ್ಯೆ ಕೊಡುವುದಿಲ್ಲ, ಯಾವ ಕೋಷ್ಟಕದಲ್ಲೂ ಇದಕ್ಕೆ ಕಲಂ ಇಲ್ಲ. "ಮತ್ಯಾಕೆ ಸಾರ್ ಹೋಗ್ತೀರ?" ಅಂದರೆ, "ಕಾಗದ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ" ಅನ್ನುತ್ತಿದ್ದರು.

ನಾಲ್ಕು ಊರುಗಳನ್ನೂ ಅವರು ನೆಂಟರಿಷ್ಟರನ್ನು ಆಡಿಕೊಳ್ಳುವ ಹಾಗೆ ಆಡಿಕೊಳ್ಳುತ್ತಿದ್ದರು. ಚಿಕ್ಕಬಳ್ಳಾಪುರ ಎರಡು ಊರು ಕಣಮ್ಮ, ಬೆಳಿಗ್ಗೆ ಹನ್ನೊಂದಕ್ಕೆ ಎಣಿಸಿದರೆ ಒಂದು, ಸಂಜೆ ಏಳಕ್ಕೆ ಎಣಿಸಿದರೆ ಇನ್ನೊಂದು, ನಮ್ಮಂಥ ಕಚೇರಿಯವರು ಬಂದು ಹೋಗೋ ಛತ್ರ ಅದು. ನಮ್ಮ ಗೌರಿಬಿದನೂರು ಬೆಳಗಿನ ರೈಲಿಗೆ ಅರ್ಧ ಖಾಲಿ, ತೊಂಡೇಬಾವಿ ದಾಟೋ ಹೊತ್ತಿಗೆ ಊರಿನ ಅರ್ಧ ಜನ ಬೋಗಿಯೊಳಗೇ ಇರ್ತಾರೆ, ಅವರನ್ನ ಯಾವ ವಾರ್ಡಿಗೆ ಬರೀತೀಯ? ಚಿಂತಾಮಣಿಯೋರು ವ್ಯಾಪಾರದೋರು, ಎರಡು ಮಾತು ಕನ್ನಡ, ಎರಡು ಮಾತು ತೆಲುಗು, ಜಾಗ ಇಲ್ಲ ಅಂತ ಎಂದೂ ಅನ್ನಲ್ಲ, ಇನ್ನೊಂದು ಮೂಟೆ ಇಳಿಸ್ತಾರೆ.

ನಮ್ಮೂರಿನ ವಿಷಯ ಬಂದರೆ ಮಾತ್ರ ದನಿ ಸ್ವಲ್ಪ ಇಳಿಯುತ್ತಿತ್ತು. "ಶಿಡ್ಲಘಟ್ಟದ ಗಲ್ಲಿಗಳಲ್ಲಿ ಮನೆ ಯಾವುದು ಕಾರ್ಖಾನೆ ಯಾವುದು ಅಂತ ಹೇಳೋಕಾಗಲ್ಲಮ್ಮ. ಮುಂದಿನ ಕೋಣೇಲಿ ಗೂಡು ಬೇಯ್ತಿರುತ್ತೆ, ನೂಲು ಬಿಚ್ತಿರ್ತಾರೆ. ಹಿಂದಿನ ಕೋಣೇಲಿ ಮಗು ಮಲಗಿರುತ್ತೆ. ರೇಷ್ಮೆಗೆ ಎಷ್ಟು ಜಾಗ, ಮಗೂಗೆ ಎಷ್ಟು ಜಾಗ ಅಂತ ಬೇರೆ ಮಾಡಿ ಬರಿ ನೋಡಣ."

ಗಣತಿ ಆಗಿ ಎಷ್ಟೋ ವರ್ಷವಾಗಿತ್ತು. ಹೊಸದು ಬರುತ್ತದೆ, ಬರುತ್ತದೆ ಎಂದು ಅವರು ಕಾದರು. ಹಳೆಯ ಅಂಕಿಗೆ ಅಂದಾಜು ಸೇರಿಸಿ, ಅಂದಾಜಿಗೆ ಇನ್ನೊಂದು ಅಂದಾಜು ಸೇರಿಸಿ ಕೋಷ್ಟಕ ಮಾಡುವುದು ಅವರಿಗೆ ಸಾಕಾಗಿಹೋಗಿತ್ತು. "ಹಳಸಿದ ಹಿಟ್ಟಿಗೆ ನೀರು ಹಾಕಿ ಹಾಕಿ ದೋಸೆ ಹುಯ್ತಾ ಇದೀವಿ ಕಣಮ್ಮ" ಅಂದು ನಿಟ್ಟುಸಿರು ಬಿಡುತ್ತಿದ್ದರು. ಆದರೂ ಕೊನೆಯ ಪುಟದಲ್ಲಿ "ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕುವ ಮುನ್ನ ಪ್ರತಿ ಸಾಲಿನ ಮೇಲೂ ಸ್ಕೇಲು ಇಟ್ಟು ಓದುವುದನ್ನು ಬಿಡಲಿಲ್ಲ. ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ಅವರ ಸಹಿಯ ಮೇಲಿನ ಅಂಕಿ ಒಂದೂ ತಿರುಗಿ ಬಂದಿರಲಿಲ್ಲ. ಅದೊಂದೇ ಅವರಿಗಿದ್ದ ಜಂಬ. ಅದನ್ನು ಬಾಯಿ ಬಿಟ್ಟು ಹೇಳಿಕೊಳ್ಳುತ್ತಲೂ ಇದ್ದರು.

ನನಗೆ ಕಲಿಸಿದವರು ಅವರೇ. ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು, "ಏಮಮ್ಮಾ ಇದಿ", ಅಂದರೆ ಇದೇನಮ್ಮ, ಎನ್ನುವುದು ಅವರ ಅತಿ ದೊಡ್ಡ ಬೈಗುಳ. ಕಾಫಿ ಬಂದರೆ ಲೋಟದ ಅರ್ಧ ನನಗೆ ಬಗ್ಗಿಸದೆ ಕುಡಿದವರಲ್ಲ. ಮಗುವಿಗೆ ಜ್ವರ ಎಂದು ನಾನು ಮಧ್ಯಾಹ್ನ ಹೊರಟರೆ ನನ್ನ ಹಾಳೆಗಳನ್ನು ತಮ್ಮ ಮೇಜಿಗೆ ಎಳೆದುಕೊಳ್ಳುತ್ತಿದ್ದರು. ಒಂದು ಮಾತು ಬೇರೆ ಆಡುತ್ತಿರಲಿಲ್ಲ.

ಅವರ ನಿವೃತ್ತಿಗೆ ಐದಾರು ತಿಂಗಳಿರುವಾಗ ಮೇಲಿನಿಂದ ಒಂದು ಕಾಗದ ಬಂತು. ನಾಲ್ಕು ಪಟ್ಟಣಗಳಲ್ಲಿ ಅತಿ ಹೆಚ್ಚು ಒತ್ತಿರುವ ವಾರ್ಡು ಯಾವುದೋ ಅದಕ್ಕೆ ಒಂದು ಸಣ್ಣ ಆಸ್ಪತ್ರೆ. ಒಬ್ಬರು ಡಾಕ್ಟರು, ಇಬ್ಬರು ನರ್ಸು. ಒಂದೇ ಒಂದು, ಯಾವುದಾದರೂ ಒಂದು ವಾರ್ಡಿಗೆ ಮಾತ್ರ. ಹತ್ತು ದಿನದಲ್ಲಿ ಕೋಷ್ಟಕ ಕಳಿಸಬೇಕು. ಅದೇ ವಾರ ಸಾರ್ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಆಸ್ಪತ್ರೆಯಿಂದ ಬಂದು ಕಪ್ಪು ಕನ್ನಡಕ ಹಾಕಿಕೊಂಡು ಕಚೇರಿಯಲ್ಲಿ ಕೂತರೇ ಹೊರತು ಸ್ಕೇಲು ಇಟ್ಟು ಓದುವ ಹಾಗಿರಲಿಲ್ಲ.

ಮಿಕ್ಕ ಮೂರು ಊರುಗಳ ವಿಸ್ತೀರ್ಣ ಟೈಪಾಗಿ, ಚದರ ಮೀಟರಿನಲ್ಲಿ ಬಂದಿತ್ತು. ಶಿಡ್ಲಘಟ್ಟದ್ದು ಮಾತ್ರ ಹಳೇ ಕಾಗದದಿಂದ ಕೈಯಲ್ಲಿ ನಕಲು ಮಾಡಿದ್ದು, ಎಕರೆ ಗುಂಟೆಯಲ್ಲಿ. ನಮ್ಮ ಕಡೆ ಜಮೀನು ಇರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕರೆ ಬರೆದು, ಅಡ್ಡಗೆರೆ ಎಳೆದು, ಗುಂಟೆ ಬರೆಯುತ್ತಾರೆ. ಸೊನ್ನೆ, ಗೆರೆ, ಹದಿನೆಂಟು ಅಂದರೆ ಎಕರೆ ಇಲ್ಲ, ಹದಿನೆಂಟು ಗುಂಟೆ ಅಂತ. ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮಪ್ಪನಿಗಿದ್ದದ್ದು ಒಂದು ಎಕರೆ ಹತ್ತು ಗುಂಟೆ ಹಿಪ್ಪುನೇರಳೆ ತೋಟ. ಅಂದರೆ ಒಂದೂಕಾಲು ಎಕರೆ, ಹುಟ್ಟಿದಾಗಿನಿಂದ ಕೇಳಿದ ಮಾತು. ಅಂಥ ನಾನು, ಕಂಪ್ಯೂಟರಿನ ಮುಂದೆ ಕೂತು, ಆ ಗೆರೆ ಇದ್ದಲ್ಲೆಲ್ಲ ಚುಕ್ಕೆ ಹೊಡೆದೆ. ಸೊನ್ನೆ ಪಾಯಿಂಟ್ ಹದಿನೆಂಟು. ಸೊನ್ನೆ ಪಾಯಿಂಟ್ ಹತ್ತು. ಯಂತ್ರಕ್ಕೇನು ಗೊತ್ತು? ಅದು ನೂರು ಗುಂಟೆಗೆ ಒಂದು ಎಕರೆ ಅಂದುಕೊಂಡಿತು.

ಹಳೇ ಗಲ್ಲಿಗಳ ಆ ವಾರ್ಡಿನಲ್ಲಿ ಪೂರ್ತಿ ಒಂದು ಎಕರೆಯ ತುಂಡು ಒಂದೂ ಇರಲಿಲ್ಲ. ಎಲ್ಲ ಹತ್ತು ಗುಂಟೆ, ಹನ್ನೆರಡು ಗುಂಟೆ, ಹದಿನೆಂಟು ಗುಂಟೆ. ಹಾಗಾಗಿ ಕಾಲು ಎಕರೆ ಇದ್ದ ಜಾಗ ನನ್ನ ಕೈಯಲ್ಲಿ ಎಕರೆಯ ಹತ್ತನೇ ಒಂದು ಭಾಗವಾಯಿತು, ಒತ್ತು ಎರಡೂವರೆ ಪಟ್ಟು ಏರಿತು. ಆ ವಾರ್ಡು ಎಲ್ಲರನ್ನೂ ಹಿಂದೆ ಹಾಕಿ ಮೊದಲನೇ ಸಾಲಿಗೆ ಬಂತು.

ಕಳಿಸುವ ದಿನ ಸಾರ್ ಕೇಳಿದರು, "ಗುಂಟೆ ನೋಡ್ಕೊಂಡ್ಯೇನಮ್ಮ?"

"ನೋಡ್ಕೊಂಡೆ ಸಾರ್" ಅಂದೆ.

ನೋಡಿಕೊಂಡಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಆ ಮಾತು ಬಾಯಿಗೆ ಬಂತು, ಆಡಿಬಿಟ್ಟೆ. ಅವರು ನನ್ನ ಮಾತು ನಂಬಿ, ಪೆನ್ನಿನ ತುದಿ ಎಲ್ಲಿಡಬೇಕೆಂದು ನನ್ನನ್ನೇ ಕೇಳಿ, "ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕಿದರು.

ತಿಂಗಳಾದ ಮೇಲೆ ಕಪ್ಪು ಕನ್ನಡಕ ಹೋಯಿತು. ಮೊದಲ ಕೆಲಸವೇನು ಮಾಡಿದರು ಅಂದರೆ ಕಡತ ತೆಗೆದು ಆ ಕೋಷ್ಟಕ ಓದಿದ್ದು. ಶಿಡ್ಲಘಟ್ಟದ ಸಾಲಿಗೆ ಬಂದು ಸ್ಕೇಲು ನಿಂತಿತು. ನಾನು ಪಕ್ಕದಲ್ಲೇ ಇದ್ದೆ.

"ಇಷ್ಟು ಒತ್ತು ಮನುಷ್ಯರಿಗೆ ನಿಂತ್ಕೊಳ್ಳೋಕೂ ಆಗಲ್ಲಮ್ಮ" ಅಂದರು. "ನಡಿ, ಹೋಗಿ ನೋಡ್ಕೊಂಡು ಬರಣ."

ಹೋದೆವು. ಬಸ್‌ ಸ್ಟ್ಯಾಂಡಿನಿಂದ ಗಲ್ಲಿಯವರೆಗೆ ಅವರು ಮೊಣಕೈ ಅಗಲಿಸಿಯೇ ನಡೆದರು. ನನಗೆ ನಾಚಿಕೆ, ಊರಿನವರೆಲ್ಲ ಗುರುತಿನವರು. ಹೊಸಬರು ಬಂದರೆ ಗೂಡು ಬೇಯುವ ವಾಸನೆಗೆ ಸೆರಗೋ ಕರ್ಚೀಫೋ ಮೂಗಿಗೆ ಹೋಗುತ್ತದೆ. ಸಾರ್ ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ. ಗಲ್ಲಿಯ ನಡುವೆ ಒಂದು ಮನೆಯ ಮುಂದೆ ನಿಂತಾಗ ನೂಲು ಬಿಚ್ಚುತ್ತಿದ್ದ ಹೆಂಗಸೊಬ್ಬಳು ಕೈ ಒರೆಸಿಕೊಂಡು ಎದ್ದು ಬಂದಳು. ಬಿಸಿ ನೀರಿನಲ್ಲೇ ಇದ್ದು ಅವಳ ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು.

"ಆಸ್ಪತ್ರೆಯೋರಾ ಸಾರ್? ಜಾಗ ನೋಡೋಕೆ ಬಂದ್ರಾ?" ಅಂದಳು. "ಬೇಗ ಮಾಡ್ಸಿ. ನಮ್ಮ ಸೊಸೇಗೆ ಏಳು ತಿಂಗಳು. ದೊಡ್ಡಾಸ್ಪತ್ರೆಗೆ ಹೋದ್ರೆ ಇಡೀ ದಿನ ಲೈನಲ್ಲೇ ಹೋಗುತ್ತೆ, ಇಲ್ಲಿ ಕೆಲ್ಸ ನಿಲ್ಲುತ್ತೆ. ಇಲ್ಲೇ ಆದ್ರೆ ಎಷ್ಟು ಪುಣ್ಯ."

ಸಾರ್ ಮೊಣಕೈ ಇಳಿಸಿಕೊಂಡರು. "ಲೆಕ್ಕ ನೋಡ್ತಾ ಇದೀವಮ್ಮ" ಅಂದರು. ಅವಳು ಟೀ ತರಿಸುತ್ತೇನೆ ಅಂದಳು, ಬೇಡವೆಂದು ಹೊರಟುಬಿಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಸಾರ್ ಮೆತ್ತಗೆ ಕೇಳಿದರು, "ಸೊನ್ನೆ, ಗೆರೆ, ಹದಿನೆಂಟು ಅಂತ ಬರೆದಿದ್ರೆ ನೀನು ಏನು ಹೊಡೀತೀಯಮ್ಮ?"

"ಸೊನ್ನೆ ಪಾಯಿಂಟ್ ಹದಿನೆಂಟು ಸಾರ್" ಅಂದೆ. ಅನ್ನುತ್ತಿದ್ದ ಹಾಗೇ ತಪ್ಪು ಹೊಳೆಯಿತು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಲವತ್ತಕ್ಕೆ ಒಂದು ಎಕರೆ ಕಣಮ್ಮ, ನೂರಕ್ಕಲ್ಲ" ಎಂದಷ್ಟೇ ಅಂದು ಕಣ್ಣು ಮುಚ್ಚಿಕೊಂಡರು. ಆ ದಿನ ಅವರು ಎಷ್ಟು ದಣಿದಿದ್ದರು ಎನ್ನುವುದು ಈಗ ನೆನೆದರೆ ತಿಳಿಯುತ್ತದೆ. ಆಗ ನನಗೆ ನನ್ನದೇ ಚಿಂತೆ.

ಮಾರನೇ ದಿನ ಇಬ್ಬರೂ ಕೂತು ಲೆಕ್ಕ ಸರಿಮಾಡಿದೆವು. ನಮ್ಮೂರಿನ ವಾರ್ಡು ಕೆಳಗಿಳಿಯಿತು, ಚಿಂತಾಮಣಿಯ ಒಂದು ವಾರ್ಡು ಮೇಲೆ ಬಂತು. ಸಾರ್ ಹಾಳೆ ಎಳೆದುಕೊಂಡು ತಿದ್ದುಪಡಿಯ ಪತ್ರ ಬರೆಯಲು ಶುರು ಮಾಡಿದರು. ನಾನು ಬಾಗಿಲು ಮುಂದೆ ಮಾಡಿ ಬಂದು ಅಳುವುದಕ್ಕೇ ನಿಂತೆ.

"ಸಾರ್, ಸುಮ್ನಿದ್ಬಿಡಣ ಸಾರ್. ಆ ಗಲ್ಲೀಲಿ ಜನ ಒತ್ತಾಗೇ ಇದಾರಲ್ಲ, ನೀವೇ ನೋಡಿದ್ರಲ್ಲ. ಯಾರಿಗೂ ಗೊತ್ತಾಗಲ್ಲ."

"ಚಿಂತಾಮಣೀಲಿ ಇರೋರು ಮನುಷ್ಯರಲ್ವಾ? ಅಲ್ಲೂ ಯಾರ್ದೋ ಸೊಸೇಗೆ ಏಳು ತಿಂಗಳಾಗಿರುತ್ತೆ."

"ನಾನು ಶಿಡ್ಲಘಟ್ಟದೋಳು ಸಾರ್. ಬೇಕು ಅಂತಾನೇ ತನ್ನ ಊರಿಗೆ ಮಾಡ್ಕೊಂಡಳು ಅಂತಾರೆ. ತಪ್ಪು ಅಂತ ಯಾರೂ ನಂಬಲ್ಲ. ನಾಳೆಯಿಂದ ಬರಬೇಡ ಅಂತಾರೆ. ಮನೇಲಿ ದುಡಿಯೋಳು ನಾನೊಬ್ಬಳೇ."

"ನಿಜಮೇ" ಅಂದರು ಸಾರ್, ತೆಲುಗಿನಲ್ಲಿ, ತಮ್ಮಷ್ಟಕ್ಕೇ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಬರೆದರು. ನನ್ನ ಎದುರಿಗೇ ಬರೆದರು. "ಸದರಿ ಕೋಷ್ಟಕವನ್ನು ತಯಾರಿಸುವಾಗ ಗುಂಟೆಯನ್ನು ದಶಾಂಶವೆಂದು ಭಾವಿಸಿ ನನ್ನಿಂದ ಪ್ರಮಾದವಾಗಿರುತ್ತದೆ." ನನ್ನಿಂದ ಎನ್ನುವ ಪದಕ್ಕೆ ನನ್ನ ಕಣ್ಣು ಅಂಟಿಕೊಂಡಿತು.

"ನೋಡಮ್ಮ" ಅಂದರು, ಹಾಳೆ ಮಡಚುತ್ತ. "ಇದು ಇಲ್ಲಿಗೆ ಮುಗೀತು. ನೀನೂ ಎತ್ತಬಾರದು, ನಾನೂ ಎತ್ತಲ್ಲ. ಗೋಡೆಗೂ ಕಿವಿ ಇರುತ್ತೆ. ನಾನೇನು, ಇನ್ನು ನಾಲ್ಕು ತಿಂಗಳಿಗೆ ಮನೆಗೆ ಹೋಗೋನು."

ಬೇಡ ಸಾರ್ ಅನ್ನಬೇಕಿತ್ತು. ಅನ್ನಲಿಲ್ಲ. ಎರಡೂ ಕೈ ಮುಗಿದು, ಮುಖ ತೊಳೆದುಕೊಂಡು ಬಂದು ನನ್ನ ಜಾಗದಲ್ಲಿ ಕೂತೆ. ಥೂ, ನನ್ನ ಜನ್ಮಕ್ಕೆ.

ಅವರಿಗೆ ಮೆಮೊ ಬಂತು. ಆಗ ಹೊಸದಾಗಿ ಬಂದಿದ್ದ ಅಧಿಕಾರಿ ಎಲ್ಲರ ಮುಂದೆ ಕರೆಸಿ ಕೇಳಿದರು, "ಏನ್ರೀ, ಇಷ್ಟು ವರ್ಷ ಸರ್ವೀಸಲ್ಲಿ ಗುಂಟೆ ಅಂದ್ರೆ ಏನು ಅಂತ ಗೊತ್ತಾಗಲಿಲ್ವಾ?" ಸಾರ್ ನೆಲ ನೋಡುತ್ತ, "ತಪ್ಪಾಯ್ತು" ಅಂದರು. ಅವತ್ತಿನಿಂದ ಕಚೇರಿಯಲ್ಲಿ ಒಂದೇ ಮಾತು, ಅರವತ್ತಕ್ಕೆ ಅರಳು ಮರಳು. ಅವರು ಕೂಡಿಸಿದ್ದನ್ನು ಇನ್ನೊಬ್ಬರು ಕೂಡಿಸಿ ನೋಡತೊಡಗಿದರು. ಸರಿಯಾಗಿಯೇ ಇರುತ್ತಿತ್ತು. ಆದರೂ ನೋಡುತ್ತಿದ್ದರು. ಭಾನುವಾರ ನಡೆದು ಬಂದ ಊರಿನ ಸುದ್ದಿಯನ್ನು ಸೋಮವಾರ ಹೇಳುವುದು ಆಮೇಲೆ ನಿಂತುಹೋಯಿತು. ಕಾಫಿಯ ಅರ್ಧ ಮಾತ್ರ ನನಗೆ ಮೊದಲಿನಂತೆಯೇ ಬರುತ್ತಿತ್ತು.

ಬೀಳ್ಕೊಡುಗೆಯ ದಿನ ಅವರ ಹೆಂಡತಿ, ಮಗಳು ಇಬ್ಬರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗಳು ಗೌರಿಬಿದನೂರಿನಲ್ಲೇ ಹೈಸ್ಕೂಲ್ ಮೇಡಂ, ತಂದೆತಾಯಿಯ ಜೊತೆಗೇ ಇದ್ದಾಳೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅಧಿಕಾರಿ ಮೈಕು ಹಿಡಿದು ನಗುತ್ತ ಅಂದರು, "ನಮ್ಮ ಸಾರ್ ತುಂಬ ಉದಾರಿಗಳು. ಒಂದು ಎಕರೆಗೆ ನಲವತ್ತು ಸಾಲದು ಅಂತ ನೂರು ಗುಂಟೆ ಮಾಡಿಬಿಟ್ರು. ಪಾಪ, ವಯಸ್ಸು, ಮರೆವು ಎಲ್ಲರಿಗೂ ಬರೋದೇ. ಮನೆಯೋರು ಸ್ವಲ್ಪ ನೋಡ್ಕೊಳ್ಳಿ." ಸಭೆ ಗೊಳ್ಳೆಂದಿತು. ಸಾರ್ ಕೂಡ ನಕ್ಕರು. ಅವರ ಹೆಂಡತಿ ನಗಲಿಲ್ಲ, ಮಗಳ ಕಡೆ ತಿರುಗಿ ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಒಂದು ವರ್ಷದ ಮೇಲೆ ವಿದುರಾಶ್ವತ್ಥಕ್ಕೆ ನಾಗರಪೂಜೆಗೆಂದು ಅತ್ತೆಯ ಜೊತೆ ಹೋದವಳು ಬರುವಾಗ ಅವರ ಮನೆಗೆ ಹೋದೆ. ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಅವರ ಹೆಂಡತಿ ಬೀಗದ ಕೈ ತಂದು ತೆಗೆದರು. ಸಾರ್ ಜಗಲಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಕೂಡುವ ಲೆಕ್ಕ ಮಾಡುತ್ತಿದ್ದರು, ಮಕ್ಕಳು ಮಾಡುವಂಥದ್ದು.

"ಮಗಳು ಹೋಂವರ್ಕ್ ಕೊಟ್ಟು ಹೋಗ್ತಾಳೆ ಕಣಮ್ಮ" ಅಂದರು. "ದಿನಾ ಪರೀಕ್ಷೆ ನಂಗೆ. ಎಲ್ಲ ರೈಟು ಬರುತ್ತೆ, ಆದ್ರೂ ಪಾಸ್ ಮಾಡ್ತಾ ಇಲ್ಲ." ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ, ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಅತ್ತೆ ಪಕ್ಕದಲ್ಲಿದ್ದರು, ಸಾರ್ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಸಾರ್ ದನಿ ತಗ್ಗಿಸಿ ಕೇಳಿದ್ದು ಒಂದೇ, "ಕೆಲಸ ಮುಂದುವರಿಸಿದ್ರಾ?" ಮುಂದುವರಿಸಿದ್ದಾರೆ ಸಾರ್, ಅಂದೆ. "ಸರಿ ಹಾಗಾದ್ರೆ" ಅಂದು ನೋಟ್‌ಬುಕ್ಕು ಮುಚ್ಚಿದರು. ಹೊರಟಾಗ ಗೇಟಿನವರೆಗೆ ಬಂದರು. ಹೆಂಡತಿ ಅವರ ತೋಳು ಹಿಡಿದುಕೊಂಡೇ ಇದ್ದರು.

ಮೊನ್ನೆ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಹೃದಯ ನಿಂತಿತಂತೆ, ನಿದ್ದೆಯಲ್ಲೇ. ಯಾರೋ ಬರೆದಿದ್ದರು, "ಒಳ್ಳೆಯವರು, ಕೊನೆಗಾಲದಲ್ಲಿ ಸ್ವಲ್ಪ ಮರೆವು ಇತ್ತು." ಅದಕ್ಕೂ ಹೆಬ್ಬೆರಳು ಒತ್ತಿದ್ದರು ನಾಲ್ಕು ಜನ. ಹೊಸ ಗಣತಿಯ ತರಬೇತಿ ಶುರುವಾಗುತ್ತದೆ ಎನ್ನುವ ಸೂಚನೆ ಅದರ ಕೆಳಗೇ ಇತ್ತು. 

ಕಾರ್ಯವೆಲ್ಲ ಮುಗಿದ ಮೇಲೆ, ನೆಂಟರು ಹೋದರೆಂದು ಕೇಳಿಕೊಂಡು, ಹೋದೆ. ಗೇಟು ಹಾರುಹೊಡೆದಿತ್ತು. ಅವರ ಹೆಂಡತಿ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಗಳು ಅಡುಗೆಮನೆಯಲ್ಲಿದ್ದಳು. ನನ್ನ ಗುರುತು ಸಿಕ್ಕಿತು, ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮ ಆಫೀಸಿನೋರಿಗೇ ಮೊದಲು ಗೊತ್ತಾಗಿದ್ದು ನೋಡಮ್ಮ" ಅಂದರು. "ಗುಂಟೆ ಲೆಕ್ಕ ಮರೆತುಬಿಟ್ಟರಲ್ಲ, ಇನ್ನು ಮನೆ ದಾರಿ ಮರೆಯೋದು ಎಷ್ಟು ಹೊತ್ತು ಅಂತ ನಮಗೆ ಭಯ. ಎಷ್ಟು ಡಾಕ್ಟ್ರಿಗೆ ತೋರಿಸಿದ್ವಿ. ಏನೂ ಇಲ್ಲ ಅಂದ್ರು ಅವರು. ಶುರೂನಲ್ಲಿ ಹಾಗೇ, ಟೆಸ್ಟಲ್ಲಿ ಗೊತ್ತಾಗಲ್ಲ ಅಂತ ಯಾರೋ ಅಂದ್ರು. ಇವರನ್ನೇ ಕೇಳಿದ್ರೆ, ‘ಬಿಡೇ, ಅವತ್ತೇನೋ ಆಯ್ತು’ ಅನ್ನೋರು. ಇನ್ನೇನೂ ಬಾಯಿ ಬಿಡ್ತಿರಲಿಲ್ಲ. ಬೇಗ ಎಚ್ಚೆತ್ಕೊಂಡು ಚೆನ್ನಾಗಿ ನೋಡ್ಕೊಂಡ್ವಿ, ಅದೊಂದೇ ಸಮಾಧಾನ ಈಗ."

ಆ ಸಮಾಧಾನವನ್ನು ಅವರಿಗೇ ಬಿಟ್ಟು ಎದ್ದು ಬರಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದೆ, ಹೇಳಿದರೆ ಯಾರಿಗೆ ಒಳ್ಳೆಯದು, ಅವರಿಗೋ ನನಗೋ. ಆದರೆ ಅವರು "ಮರೆತುಬಿಟ್ಟರು" ಅಂದ ಕೂಡಲೇ ಸುಮ್ಮನಿರಲು ಆಗಲಿಲ್ಲ. ಚುಕ್ಕೆ ಹೊಡೆದದ್ದು, ನೋಡಿಕೊಂಡೆ ಎಂದು ಸುಳ್ಳು ಹೇಳಿದ್ದು, ಪತ್ರ ಬರೆಯುವಾಗ ಅತ್ತದ್ದು, ಎತ್ತಬಾರದು ಎಂದು ಇಬ್ಬರೂ ಮಾತಾಡಿಕೊಂಡದ್ದು, ಎಲ್ಲ ಹೇಳಿದೆ. "ಅವರಿಗೆ ಏನೂ ಆಗಿರಲಿಲ್ಲಮ್ಮ. ಒಂದು ಲೆಕ್ಕಾನೂ ಮರೆತಿರಲಿಲ್ಲ. ತಪ್ಪು ನಂದು" ಅಂದೆ.

ಅವರು ನನ್ನನ್ನು ಬೈಯಲಿಲ್ಲ, ಅಳಲೂ ಇಲ್ಲ.  ಅಡುಗೆಮನೆಯ ಕಡೆ ತಿರುಗಿ, "ಬಾರೇ ಇಲ್ಲಿ" ಎಂದು ಮಗಳನ್ನು ಕರೆದರು. "ಇನ್ನೊಂದ್ಸಲ ಹೇಳಮ್ಮ, ಇವಳಿಗೂ ಹೇಳು."

ಮತ್ತೆ ಮೊದಲಿನಿಂದ ಹೇಳಿದೆ. ಮಗಳು ನಿಂತೇ ಕೇಳಿದಳು. ಕೇಳಿ ಮುಗಿದ ಮೇಲೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಅವರ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು.

"ದಿನಾ ಸಂಜೆ ಚಪ್ಪಲಿ ಮೆಟ್ಕೊಂಡು ಗೇಟಿನ ತನಕ ಹೋಗೋರಮ್ಮ" ಅಂದರು. "‘ಸ್ಟೇಷನ್ ತನಕ ಹೋಗ್ಬರ್ತೀನಿ, ನಂಗೆ ದಾರಿ ಗೊತ್ತು ಕಣೇ’ ಅನ್ನೋರು. ಎರಡು ವರ್ಷ. ಬೀಗ ಹಾಕ್ತಿದ್ದೋಳು ನಾನೇ ಕಣಮ್ಮ."